ಕಿಂಡಿಯಿಂದ ಬಂದ ಕೈ

ಬೋನಾಳದ ಲಾಲಮ್ಮನ ಮನೆಯ ಗೋಡೆಗೆ ಸಿಮೆಂಟು ಬಳಿದು ಗಿಲಾವು ಮಾಡುವ ಕೆಲಸ ನಡೆದಿತ್ತು. ಪಕ್ಕದ ಮನೆಗೆ ತೆರೆದಿದ್ದ ಗೋಡೆಯ ಕಿಂಡಿಯನ್ನು ಗೌಂಡಿ ಬಸಲಿಂಗ ಇನ್ನೇನು ಮುಚ್ಚುವವನಿದ್ದ.

ಕಾಲೇಜಿನಲ್ಲಿ ಕಲಿಸುವ ಮೊಮ್ಮಗಳು ಅನುರಾಧಾ ಫೋನಿನಲ್ಲಿ ಚಿತ್ರ ತೋರಿಸಿದಳು. "ಆಯಿ, ಇವು ಎಲಿಯ ಜೀವಕೋಶದಾಗಿನ ಹಸಿರು ಕಾಳು. ರೋಗ ಬಂದ್ರ ಹಿಂಗ ಸಣ್ಣ ನಳಿಗಿ ಚಾಚ್ತಾವ. ನಡುವಿನ ಕೋಶಕೇಂದ್ರಕ್ಕ ಸುದ್ದಿ ಮುಟ್ಟಸ್ತಾವ ಅಂತಾರ."

ಲಾಲಮ್ಮ ಕಿಂಡಿಯತ್ತ ತಿರುಗಿದಳು. ಹಿಂದೊಮ್ಮೆ ತನಗೆ ಮೈತುಂಬ ಗುಳ್ಳೆಯಾಗಿ ಅಮ್ಮ ಎದ್ದಾಗ, ಅಂಟೀತೆಂದು ಯಾರೂ ಹೊಸ್ತಿಲು ತುಳಿದಿರಲಿಲ್ಲ. ಪಕ್ಕದ ಮನೆಯಲ್ಲಿದ್ದ, ಈಗಿಲ್ಲದ ಗೆಳತಿ ಮೌನಮ್ಮನ ಬಳೆಗೈ ಮಾತ್ರ ಈ ಕಿಂಡಿಯಿಂದ ಅಂಬಲಿ ಹಿಡಿದು ಬರುತ್ತಿತ್ತು. "ಅದಿಯೇನ, ಹೋದಿಯೇನ?" ಎಂದು ಆಚೆಯಿಂದ ಅಣಕಿಸುತ್ತಿದ್ದಳು.

"ಮುಚ್ಚಬ್ಯಾಡ ಬಸಲಿಂಗ. ಮೌನಮ್ಮನ ಸೊಸಿಗಿ ಈಗ ಅಮ್ಮ ಎದ್ದದ."

"ಗಿಲಾವು ಚೆಂದ ಕಾಣಂಗಿಲ್ಲ, ಆಯಿ."

"ಕಾಣದಿದ್ರ ಬಿಡು" ಎಂದ ಲಾಲಮ್ಮ ಅಂಬಲಿಯ ಬಟ್ಟಲು ಹಿಡಿದು ಕಿಂಡಿಯೊಳಗೆ ಕೈ ಚಾಚಿದಳು. "ಅದಿಯೇನವ್ವ?"