ಏಳು ಓಣಿಯ ಸುದ್ದಿ

ನಮ್ಮ ಕುರಕುಂಟಾದಲ್ಲಿ ಮೊದಲು ಧರ್ಮಣ್ಣ ಹಲಗೆ ಬಡಿದು ಡಂಗುರ ಸಾರುತ್ತಿದ್ದರು. ಏಳೂ ಓಣಿಗಳಲ್ಲಿ ಸಾರಿದರೆ ಮಾತ್ರ ಸುದ್ದಿ ಪಕ್ಕಾ, ಒಂದು ಓಣಿ ತಪ್ಪಿದರೂ ಅದು ಬರೀ ಗಾಳಿಮಾತು ಎಂಬುದು ಅವರ ಕಾನೂನು. ಈಗ ಆ ಕೆಲಸವನ್ನು ಪಂಚಾಯಿತಿಯ ಕಸದ ಗಾಡಿ ಮಾಡುತ್ತದೆ. ಅದರ ನೆತ್ತಿಯ ಮೇಲೊಂದು ಸ್ಪೀಕರ್, ಸೀಟಿನ ಬಳಿ ಅದರದೊಂದು ಮೈಕು, ಸ್ಪೀಕರಿಗೆ ಬ್ಲೂಟೂತಿನಲ್ಲಿ ಜೋಡಿಸಿದ ಮೊಬೈಲು. ಓಡಿಸುವವಳು ಧರ್ಮಣ್ಣನವರ ಮಗಳೇ, ಕರುಣಾ. ಅಪ್ಪ ಓಣಿಯ ತುದಿಯಲ್ಲಿ ನಿಂತು ಕೂಗಬೇಕಿತ್ತು. ಮಗಳು ಖಾಕಿ ಅಂಗಿ ತೊಟ್ಟು ಎಲ್ಲರ ಬಾಗಿಲಿಗೂ ಹೋಗುತ್ತಾಳೆ, ಕಸ ಬೆರೆಸಿದವರನ್ನು ಬೈಯುತ್ತಾಳೆ ಕೂಡ.

ನಾನು ಗ್ರಂಥಾಲಯದ ರಾಧಿಕಾ, ಕರುಣಾಳ ಗೆಳತಿ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆದರೂ ವಾಡಿಯ ರೈಲ್ವೆಯಲ್ಲಿರುವ ಪ್ರಬುದ್ಧ ಇವಳನ್ನು ಮದುವೆಗೆ ಕೇಳಿದ್ದಾನೆಂಬ ಗುಟ್ಟನ್ನು ಎಂಟು ತಿಂಗಳು ಕಾಪಾಡಿದ್ದೆ, ಅದೇನು ಸಣ್ಣ ಸಾಧನೆಯಲ್ಲ. ಕರುಣಾಗೆ ಅವನೆಂದರೆ ಪ್ರಾಣ. ಅಪ್ಪನಿಗೆ ಹೇಳಲು ಮಾತ್ರ ಧೈರ್ಯವಿಲ್ಲ.

ಮೊನ್ನೆ ಶುಕ್ರವಾರ ಬೆಳಿಗ್ಗೆ ಗಾಡಿ ನಮ್ಮ ಓಣಿಗೆ ಬಂತು. ಹಸಿ ಕಸ, ಒಣ ಕಸದ ಹಾಡು ಮುಗಿಯಿತು. ಅಷ್ಟರಲ್ಲಿ ಪ್ರಬುದ್ಧನ ಧ್ವನಿಸಂದೇಶ ಬಂದಿತ್ತು. ಸ್ಪೀಕರಿನ ಜೋಡಣೆ ತೆಗೆಯದೆ, ಆ ಪುಣ್ಯಾತಗಿತ್ತಿ ಫೋನನ್ನು ಕಿವಿಗೆ ಹಿಡಿದು ಗುಂಡಿ ಒತ್ತಿದಳು. ಇಡೀ ಓಣಿಗೆ ಕೇಳಿಸಿತು.

“ಕರುಣಾ, ನಮ್ಮ ಮನ್ಯಾಗ ಐತವಾರ ಚಿತ್ತಾಪುರಕ್ಕ ಹೆಣ್ಣು ನೋಡಾಕ ಹೊಂಟಾರ. ನಂಗ ನೀನೇ ಬೇಕು. ಹ್ಞೂಂ ಅಂತಿಯೋ ಇಲ್ಲೋ, ಇವತ್ತ ಹೇಳಿಬಿಡು.”

ಬಕೆಟ್ ಹಿಡಿದವರೆಲ್ಲ ನಿಂತಲ್ಲೇ ನಿಂತರು. ನನಗೆ ನಗು ತಡೆಯಲಾಗದೆ ಹಸಿ ಕಸವನ್ನು ಒಣ ಡಬ್ಬಿಗೆ ಸುರಿದೆ. ಪಕ್ಕದ ಮನೆಯ ಗುರುದೇವಿ ಅತ್ತೆ, ಕೊನೆಯ ಮಾತು ಸರಿಯಾಗಿ ಕೇಳಲಿಲ್ಲ, ಇನ್ನೊಮ್ಮೆ ಹಚ್ಚು ಎಂದರು. ಸಾಲಿನಲ್ಲಿ ಮೂರನೆಯವರಾಗಿ ನಿಂತಿದ್ದ ಧರ್ಮಣ್ಣ ಮಾತ್ರ ನಗಲಿಲ್ಲ. ಬಕೆಟ್ ಕೆಳಗಿಟ್ಟು ಗಾಡಿಯ ಬಳಿ ಹೋದರು.

ಹುಡುಗ ಹೇಗೆ ಎಂದು ಮಗಳನ್ನು ಕೇಳಿದರು. ಒಳ್ಳೆಯವನು ಅಂದಳು. ನಿನ್ನ ಜವಾಬೇನು ಎಂದರು. ಅವಳು ಸ್ಟೀರಿಂಗ್ ನೋಡುತ್ತಾ ಹ್ಞೂಂ ಅಂದಳು. ಹಾಗಾದರೆ ಅದನ್ನು ಅವನಿಗೆ ಕಳಿಸು ಎಂದರು. ಅವಳು ಆ ಒಂದು ಹ್ಞೂಂ ಕಳಿಸಿದಳು.

ಧರ್ಮಣ್ಣ ಸುತ್ತಿ ಬಂದು ಪಕ್ಕದ ಸೀಟಿಗೆ ಹತ್ತಿ ಕುಳಿತರು. ಸ್ಪೀಕರಿನ ಮೈಕನ್ನು ಕೈಗೆತ್ತಿಕೊಂಡು ಗಂಟಲು ಸರಿಮಾಡಿಕೊಂಡರು.

“ಗಾಡಿ ಬಿಡವ್ವ. ಇನ್ನಾ ಆರು ಓಣಿ ಅದಾವ.”