ತೋಳಿಲ್ಲದ ಕೋಟು

ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡೆ. ಪ್ಲಾಸ್ಟರ್ ಬಿಚ್ಚುವವರೆಗೂ ಹೊಲಿಗೆ ಅಂಗಡಿಗೆ ಬೀಗ. ಬಾಡಿಗೆ ಮಾತ್ರ ನಿಲ್ಲಿಸಿರಲಿಲ್ಲ. ಆದರೂ ಮಾಲೀಕ, ಈಕೆ ಅಂಗಡಿ ಬಿಟ್ಟುಹೋಗಿದ್ದಾಳೆ, ಖಾಲಿ ಮಾಡಿಸಿ ಎಂದು ಕೋರ್ಟಿಗೆ ಹೋದ. ಆ ಅಂಗಡಿ ಹೋದರೆ ನನಗೆ ಬೇರೆ ಗತಿಯಿಲ್ಲ.

ನನ್ನ ವಕೀಲೆ ಅಣ್ಣನ ಮಗಳು. ಒಂದು ಸಂಜೆ ಮುಖ ಸಪ್ಪೆ ಮಾಡಿಕೊಂಡು ಬಂದಳು.

“ಅತ್ತೆ, ಅವರಿಗೆ ಹಳೇ ತೀರ್ಪೊಂದು ಸಿಕ್ಕಿದೆ. ಗಡಿಯಾರ ರಿಪೇರಿಯವನೊಬ್ಬ ಹೀಗೇ ಬೀಗ ಹಾಕಿದ್ದ. ಅಂಗಡಿ ಬಿಟ್ಟ ಹಾಗೇ ಲೆಕ್ಕ ಅಂತ ಮೇಲಿನ ಕೋರ್ಟು ಹೇಳಿದೆ.”

“ಯಾವನೋ ಗಡಿಯಾರದವನು ಬೀಗ ಹಾಕಿದ್ರೆ ನಾನ್ಯಾಕೆ ಬೀದಿಗೆ ಬೀಳ್ಬೇಕು? ಜಡ್ಜ್‌ಗೆ ಸ್ವಂತ ತಲೆ ಇಲ್ವೇನೇ?”

“ಇದೆ. ಆದ್ರೆ ಎಲ್ಲಾನೂ ಕಾನೂನಿನ ಪುಸ್ತಕದಲ್ಲಿ ಬರೆದಿರಲ್ಲ ಅತ್ತೆ. ಬರೆಯದ ಕಡೆ ಹಿಂದಿನ ಜಡ್ಜ್‌ಗಳು ಏನು ಹೇಳಿದ್ರು ಅಂತ ನೋಡ್ತಾರೆ. ಮೇಲಿನ ಕೋರ್ಟಿನ ಮಾತನ್ನ ಕೆಳಗಿನವರು ಮೀರೋ ಹಾಗಿಲ್ಲ. ಮೀರಿದ್ರೆ ಒಂದೇ ತರದ ಇಬ್ಬರಿಗೆ ಎರಡು ನ್ಯಾಯ ಆಗುತ್ತೆ.”

“ಓಹೋ! ಅಳತೆಗೆ ತಂದ ಹಳೇ ಅಂಗಿ ನೋಡ್ಕೊಂಡು ಹೊಸದು ಹೊಲಿಯೋ ಹಾಗೆ!” ಎಂದು ಮೂತಿ ತಿರುವಿದೆ.

“ಹೂಂ. ಆದ್ರೆ ಆ ಅಂಗಿ ನಿನ್ನ ಮೈಗೆ ಆಗಲ್ಲ ಅಂತ ತೋರಿಸಬಹುದು. ಆ ಗಡಿಯಾರದವನು ಸಾಮಾನೆಲ್ಲ ಹೊತ್ಕೊಂಡು ಹೋಗಿ ಬೇರೆ ಊರಲ್ಲಿ ಅಂಗಡಿ ಇಟ್ಟಿದ್ದ. ನಿನ್ನ ಅಂಗಡೀಲಿ ಏನೇನಿದೆ?”

“ಮಿಷನ್ನು, ಕತ್ತರಿ, ಅರ್ಧ ಹೊಲಿದ ಬಟ್ಟೆ. ಆ ಮಾಲೀಕ ಮಹಾಶಯನದೇ ಒಂದು ಕೋಟೂ ಇದೆ. ಒಂದು ತೋಳು ಕೂರಿಸೋದು ಬಾಕಿ.”

ಅವಳ ಕಣ್ಣು ಅರಳಿತು.

ವಿಚಾರಣೆಯ ದಿನ ಮಾಲೀಕನನ್ನು ಕಟಕಟೆಯಲ್ಲಿ ನಿಲ್ಲಿಸಿ ತಣ್ಣಗೆ ಕೇಳಿದಳು: “ನಿಮ್ಮ ಕೋಟು ಎಲ್ಲಿದೆ ಸಾರ್?”

“ಅವರ ಅಂಗಡೀಲಿ.”

“ಬೀಗ ಬಿದ್ದ ಮೇಲೆ ವಾಪಸ್ ಕೇಳಲಿಲ್ವಾ?”

“ಯಾಕೆ ಕೇಳಲಿ? ಕೈ ವಾಸಿಯಾದ ಮೇಲೆ ಬಂದು ಹೊಲಿದು ಕೊಡ್ತಾರಲ್ಲ...” ಎಂದವನು ನಾಲಿಗೆ ಕಚ್ಚಿಕೊಂಡ. ಜಡ್ಜ್ ಕೂಡ ನಗು ತಡೆಯಲು ಕನ್ನಡಕ ಒರೆಸಿಕೊಂಡರು.

ಹಳೆಯ ತೀರ್ಪು ಸರಿಯೇ, ಆದರೆ ಅದು ಮರಳಿ ಬರದವನ ಮಾತು, ಈಕೆ ಮರಳಿ ಬರುವವಳು ಎಂದು ಅವರು ಬರೆದರು. ಮಾಲೀಕ ಮೇಲಿನ ಕೋರ್ಟಿಗೂ ಹೋದ. ಅಲ್ಲೂ ಅದೇ ಮಾತು. ಕೋಟಿಗೆ ತೋಳು ಕೂರಿಸಿ, ಇಸ್ತ್ರಿ ಹಾಕಿಯೇ ಕಳಿಸಿದೆ. ಸಿಟ್ಟು ಸಿಟ್ಟೇ, ಕೆಲಸ ಕೆಲಸವೇ.

ಮೊನ್ನೆ ಚಪ್ಪಲಿ ಹೊಲಿಯುವ ಹೆಂಗಸೊಬ್ಬಳು ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ನನ್ನ ಬಾಗಿಲಲ್ಲಿ ನಿಂತಳು. ಹೆರಿಗೆಗೆಂದು ಅಂಗಡಿ ಮುಚ್ಚಿದ್ದಳಂತೆ. ಅವಳ ಮಾಲೀಕನದೂ ಅದೇ ರಾಗ.

“ನಿಮ್ಮ ಕೇಸಿನ ತೀರ್ಪೇ ನಮಗೆ ಆಧಾರ ಅಂದ್ರು ವಕೀಲರು. ನಿಮ್ಮನ್ನ ಒಂದ್ಸಲ ನೋಡ್ಬೇಕು ಅನ್ನಿಸ್ತು ಅಕ್ಕ.”

ಆ ಗಡಿಯಾರದವನನ್ನು ಎಷ್ಟು ಶಪಿಸಿದ್ದೆ! ಈಗ ಅವನ ಹಾಗೇ ನಾನೂ ಕಾಣದವರ ಕೇಸಿನೊಳಗೆ ಹೋಗಿ ಕೂತಿದ್ದೆ. ಕಣ್ಣು ತುಂಬಿ ಬಂತು. ನೂಲು ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

“ಸಾಮಾನೆಲ್ಲ ಅಂಗಡೀಲೇ ಇದೆಯೇನೇ?”

“ಎಲ್ಲಾ ಅಲ್ಲೇ ಇದೆ ಅಕ್ಕ.”

“ಹಾಗಿದ್ರೆ ಹೆದರಬೇಡ,” ಎಂದೆ. “ನನ್ನ ಅಳತೆ ನಿನಗೆ ಆಗುತ್ತೆ.”