ಮೂರು ದಿನ ಊರಬೇಕು

ನರಸಿಂಹಪ್ಪ ಚಟ್ಟದ ಕೊನೆಯ ಗಂಟನ್ನು ಬಿಗಿದು, ಕೈಗೆ ಹತ್ತಿದ ನಾರು ಕೊಡವಿಕೊಂಡು, ತಲೆಯೆತ್ತಿ ಬಿಸಿಲು ನೋಡಿದ. ಹೊತ್ತು ನೆತ್ತಿ ದಾಟಿತ್ತು.

"ಇನ್ನೆಷ್ಟು ಹೊತ್ತು ಕಾಯೋದು ಕೋದಂಡರಾಮಪ್ಪ? ತವರಿನ ಸೀರೆ ಹೊದಿಸ್ದೆ ಮುತ್ತೈದೇನ ಎತ್ತೋ ಹಂಗಿಲ್ಲ. ಹೊತ್ತು ಮುಳುಗೋವರ್ಗೂ ಇಟ್ಕೊಳ್ಳೋ ಹಂಗೂ ಇಲ್ಲ."

ಹೆಂಡತಿಯ ತಲೆದೆಸೆಯಲ್ಲಿ ಕೂತಿದ್ದ ಕೋದಂಡರಾಮಪ್ಪ ದೀಪದ ಬತ್ತಿ ಮುಂದಕ್ಕೆ ತಳ್ಳಿದ. ಅಶ್ವತ್ಥಮ್ಮ ಹೋದದ್ದು ನಿನ್ನೆ ಮಧ್ಯಾಹ್ನ, ನಾಲ್ಕು ದಿನದ ಜ್ವರಕ್ಕೆ. ಆಗಲೇ ಸುದ್ದಿ ಹೇಳಲು ಆಳು ಚನ್ನರಾಯಪ್ಪನನ್ನು ಅವಳ ತವರು ರಾಯಲ್ಪಾಡಿಗೆ ಓಡಿಸಿದ್ದರು. ವಕ್ಕಲೇರಿಯಿಂದ ಅದೇನು ಕೂಗಳತೆಯ ದಾರಿಯೇ?

"ಬಂದ ಎಂಟನೇ ದಿನಕ್ಕೇ ಊರಿಗೆ ಹೋಗ್ಬೇಕು ಅಂದೋಳು," ಎಂದಳು ಪಕ್ಕದ ಮನೆಯ ಶಾಮಲಮ್ಮ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ಊರು ಊರು ಅಂತ ನಾವೆಲ್ಲ ಆಡ್ಕೊಂಡಿದ್ದೇ ಆಯ್ತು. ಕಡೆಗೆ ನೋಡು, ಊರೋರೇ ಬರ್ಲಿಲ್ಲ."

ಕಂಬಕ್ಕೆ ಒರಗಿ ಕೂತಿದ್ದ ಭಾರತಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು. ಅವಳು ಕೋದಂಡರಾಮಪ್ಪನ ಅತ್ತಿಗೆ, ಸತ್ತವಳ ಓರಗಿತ್ತಿ. ಹದಿನೈದು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಬೆಂದವರು. ಶಾಮಲಮ್ಮ ಆಡಿದ ಆ ಮಾತು ಹುಟ್ಟಿದ್ದು ಯಾರ ಬಾಯಲ್ಲಿ ಎಂಬುದು ಭೂಮಿಯ ಮೇಲೆ ಭಾರತಮ್ಮನೊಬ್ಬಳಿಗೇ ಗೊತ್ತಿತ್ತು.

*

ಹದಿನೈದು ವರ್ಷದ ಹಿಂದೆ ಈ ಮನೆಯವರು ಟೊಮೆಟೊ ಬೆಳೆಯುತ್ತಿದ್ದುದು ತಿನ್ನುವುದಕ್ಕಲ್ಲ. ಹಣ್ಣಾದದ್ದು ಬುಟ್ಟಿ ತುಂಬಿ, ಟೇಕಲ್ಲಿನಲ್ಲಿ ರೈಲು ಹತ್ತಿ, ಚಿನ್ನದ ಗಣಿಯ ದೊರೆಗಳ ಬಂಗಲೆ ಸೇರುತ್ತಿತ್ತು. ಗಿಡ ಕೀಳುವಾಗ ಉಳಿದ ಹಸಿರು ಕಾಯಿ ತಿಪ್ಪೆಗೆ ಬೀಳುತ್ತಿತ್ತು. ರಾಯಲ್ಪಾಡಿನ ಹೊಸ ಸೊಸೆ ಅದನ್ನು ನೋಡಿ ಮರುಗಿದಳೋ ಏನೋ, ಎಂಟನೆಯ ದಿನ ಮಡಿಲು ತುಂಬ ಕಾಯಿ ಆರಿಸಿ ತಂದಳು. ತೊಳೆದು, ಒಂದು ಹನಿ ನೀರು ಉಳಿಯದಂತೆ ಒರೆಸಿ, ಹೋಳು ಮಾಡಿ, ಉಪ್ಪು ಅರಿಶಿನ ಬೆರೆಸಿ ಜಾಡಿಗೆ ತುಂಬಿದಳು. ಹುಡುಗಿಗೆ ತೆಲುಗು ಬಿಟ್ಟರೆ ಇನ್ನೊಂದು ಮಾತು ಬಾರದು.

ಅಡಿಗೆಮನೆಯ ಕಡೆ ತಲೆಯನ್ನೂ ಹಾಕದ ಅತ್ತೆ, ಅವತ್ತು ತಾನಾಗಿ ಬಂದು ಜಾಡಿಗೆ ಕೈ ಚಾಚಿದಳು. "ಏನು ಮಾಡಿದೀಯೇ? ಒಂದು ಹೋಳು ಕೊಡು, ನೋಡಾಣ."

ಹುಡುಗಿ ನಕ್ಕು, ಜಾಡಿಯ ಬಾಯಿಗೆ ಅಂಗೈ ಅಡ್ಡ ಇಟ್ಟಳು. "ಮೂಡು ರೋಜುಲು ಊರಾಲಿ, ಅತ್ತಮ್ಮಾ."

ಅತ್ತೆ ಭಾರತಮ್ಮನ ಕಡೆ ತಿರುಗಿದಳು. ಭಾರತಮ್ಮ ಮುಳಬಾಗಿಲಿನವಳು, ಎರಡೂ ಭಾಷೆ ಬಲ್ಲವಳು. "ಊರು ಗೀರು ಅಂತಾಳಲ್ಲ, ಏನಂತೆ?"

ಉಪ್ಪಿನಲ್ಲಿ ಮೂರು ದಿನ ನೆನೆಯಬೇಕು. ಅಷ್ಟೇ ಅವಳು ಅಂದದ್ದು. ಆದರೆ ನಾಲ್ಕು ವರ್ಷದಿಂದ ತಾನು ಬೇಯಿಸಿ ಹಾಕುತ್ತಿದ್ದರೂ ಈ ಅತ್ತೆ ಒಂದು ದಿನವೂ ಹೀಗೆ ಕೈ ಚಾಚಿ ಬಂದಿರಲಿಲ್ಲ. ಆ ಉರಿಯಲ್ಲಿ ಭಾರತಮ್ಮನ ನಾಲಿಗೆ ಹೊರಳಿತು.

"ಊರಿಗೆ ಹೋಗ್ಬೇಕಂತೆ. ಮೂರು ದಿನ."

ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಎಂಟು ದಿನಕ್ಕೇ ಊರಾ? ನಾನು ಬದುಕಿರೋವರ್ಗೂ ಇವಳು ಊರಿನ ದಾರಿ ಹೇಗೆ ನೋಡ್ತಾಳೋ ನೋಡ್ತೀನಿ." ಆಡಿದಂತೆಯೇ ನಡೆದುಕೊಂಡಳು. ಮೊದಲ ದೀಪಾವಳಿಗೆ ಕರೆಯಲು ಬಂದ ಹುಡುಗಿಯ ಅಪ್ಪ ಒಬ್ಬನೇ ಹಿಂದಿರುಗಿದ. ಮತ್ತೆ ಬರಲಿಲ್ಲ.

ತಪ್ಪು ಹೊರಬಿದ್ದೀತೆಂಬ ಭಯಕ್ಕೆ ಭಾರತಮ್ಮ ಅವಳೊಡನೆ ತೆಲುಗು ಆಡುವುದನ್ನೇ ಬಿಟ್ಟಳು. ಹುಡುಗಿ ಹಸುವಿನ ಜೊತೆ, ಬಾವಿಯ ಜೊತೆ ತೆಲುಗು ಆಡಿದಳು. ಕನ್ನಡ ಕಲಿತ ಮೇಲೆ ಒಂದು ದಿನ ಮೆಣಸಿನಪುಡಿ ಕಲಸುತ್ತ ಕೇಳಿದಳು: "ಅಕ್ಕಾ, ಅವತ್ತು ಅತ್ತೆ ನನ್ನ ಯಾಕೆ ಬೈದ್ರು?"

"ನಂಗೆ ಜ್ಞಾಪಕ ಇಲ್ಲ ಕಣೇ," ಅಂದಿದ್ದಳು ಭಾರತಮ್ಮ. ಆ ವರ್ಷವೂ ಉಪ್ಪಿನಕಾಯಿಯ ಮೊದಲ ಬಟ್ಟಲು ಭಾರತಮ್ಮನಿಗೇ ಬಂತು.

*

ಚನ್ನರಾಯಪ್ಪ ಬಂದದ್ದು ಬರಿಗೈಯಲ್ಲಿ. "ಆ ಮನೆ ಬಿದ್ದೋಗಿದೆ. ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತಂತೆ. ಅಣ್ಣ ಎಲ್ಲಿಗೆ ಹೋದ್ನೋ ಯಾರ್ಗೂ ಗೊತ್ತಿಲ್ಲ."

ಭಾರತಮ್ಮ ಎದ್ದು ಒಳಗೆ ಹೋದಳು. ಗೌರಿಹಬ್ಬಕ್ಕೆ ಮುಳಬಾಗಿಲಿನಿಂದ ಅಣ್ಣ ತಂದಿದ್ದ, ಮಡಿಕೆಯನ್ನೂ ಬಿಚ್ಚದ ಕೆಂಪು ಸೀರೆಯನ್ನು ತಂದು ಹೆಣದ ಮೇಲೆ ಹೊದಿಸಿದಳು.

"ನೀನು ಹೊದಿಸಿದ್ರೆ ತವರಿನ ಸೀರೆ ಹೆಂಗಾಗುತ್ತೆ ತಾಯಿ?" ಎಂದ ನರಸಿಂಹಪ್ಪ.

"ಅವಳ ತವರಿನ ಮಾತು ಈ ಮನೇಲಿ ಬರ್ತಿದ್ದಿದ್ದು ನಂಗೊಬ್ಬಳಿಗೇ. ನನ್ನೇ ತವರು ಅಂದ್ಕೊಳ್ಳಿ. ಎತ್ತಿ."

ಗಂಡಸರು ಹೆಣ ಎತ್ತಿಕೊಂಡು ಹೋದರು. ಹೆಂಗಸರು ಮನೆ ತೊಳೆಯಲು ನಿಂತರು. ಭಾರತಮ್ಮನ ಮಗಳು ಆದಿಲಕ್ಷ್ಮಿ ಅಡಿಗೆಮನೆಯ ಮೂಲೆಯಿಂದ ಜಾಡಿಯೊಂದನ್ನು ತಬ್ಬಿಕೊಂಡು ಬಂದಳು. "ಅಮ್ಮಾ, ಚಿಕ್ಕಮ್ಮ ಮೊನ್ನೆ ಜ್ವರದಲ್ಲೇ ಉಪ್ಪು ಹಾಕಿಟ್ಟ ಕಾಯಿ. ನಾನು ಬೇಡ ಅಂದ್ರೂ ಕೇಳ್ಲಿಲ್ಲ."

"ಸಾವಿನ ಮನೇದು, ಮೈಲಿಗೆ. ತಿಪ್ಪೆಗೆ ಸುರಿ," ಎಂದಳು ಶಾಮಲಮ್ಮ.

ಭಾರತಮ್ಮ ಜಾಡಿಯನ್ನು ಇಸಿದುಕೊಂಡು, ಹೆಣ ಮಲಗಿದ್ದ ಜಾಗದಲ್ಲಿ ಉರಿಯುತ್ತಿದ್ದ ದೀಪದ ಪಕ್ಕಕ್ಕೆ ಇಟ್ಟಳು.

ಮಣ್ಣು ಮಾಡಿ, ಕೆರೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ದೀಪ ನೋಡಲು ಬಂದ ಕೋದಂಡರಾಮಪ್ಪ ಜಾಡಿಯನ್ನೂ ನೋಡಿದ. "ಇದ್ಯಾಕೆ ಇಲ್ಲಿ, ಅತ್ತಿಗೆ?"

"ಮೂಡು ರೋಜುಲು ಊರಾಲಿ," ಎಂದಳು ಭಾರತಮ್ಮ. ಹದಿನೈದು ವರ್ಷದ ಮೇಲೆ ಅವಳ ಬಾಯಲ್ಲಿ ತೆಲುಗು ಬಂತು. "ಉಪ್ಪಲ್ಲಿ ಮೂರು ದಿನ ನೆನೀಬೇಕು ಅಂತ. ಅವಳು ಅವತ್ತು ಅಂದಿದ್ದೂ ಇದೇ. ಊರು ಕೇಳ್ಲಿಲ್ಲ ಅವಳು. ಸುಳ್ಳು ಹೇಳ್ದೋಳು ನಾನು."

ಶಾಮಲಮ್ಮನ ಕೈಯ ಪೊರಕೆ ನಿಂತಿತು. ಕೋದಂಡರಾಮಪ್ಪ ತೊಯ್ದ ಪಂಚೆಯಲ್ಲೇ ಮೆಲ್ಲನೆ ಕೂತ.

"ಅಮ್ಮ ಹೋದ್ಮೇಲೆ ಎರಡು ಸಲ ಗಾಡಿ ಕಟ್ಟಿದ್ದೆ, ಅತ್ತಿಗೆ," ಎಂದ. "ಅವಳು ಹತ್ತಲಿಲ್ಲ. ಊರು ಅಂದ್ರೆ ಮತ್ತೆ ಎಲ್ರೂ ನಗ್ತಾರೆ ಅಂದ್ಳು."

ಭಾರತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳು ಬಂತು, ತಡೆಯಲಿಲ್ಲ.

ಕೊನೆಗೆ ಶಾಮಲಮ್ಮನೇ, ಆದದ್ದಾಯಿತು, ತಾನೇ ಚೆಲ್ಲಿ ಬರುತ್ತೇನೆ ಎಂದು ಬಗ್ಗಿ ಜಾಡಿಗೆ ಕೈ ಹಾಕಿದಳು.

ಕೋದಂಡರಾಮಪ್ಪ ಜಾಡಿಯ ಬಾಯಿಗೆ ಅಂಗೈ ಅಡ್ಡ ಇಟ್ಟ.

"ನಾಳೆಗೆ ಮೂರು ದಿನ," ಎಂದ.